ಗುಣಿಗೆ ಇಟ್ಟ ಪುಸ್ತಕ

ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುವ ಮಲ್ಲಾಜಮ್ಮ ಓದಿದ್ದು ನಾಲ್ಕನೇ ಕ್ಲಾಸು. ಬಸ್ಸಿನ ಬೋರ್ಡು, ಮದುವೆ ಕಾಗದ ಬಿಟ್ಟರೆ ಇನ್ನೇನನ್ನೂ ಓದುವ ಉಸಾಬರಿಗೆ ಹೋದವಳಲ್ಲ. ಅಂಥವಳು ಈಗ ಊಟದ ಬಿಡುವಿನಲ್ಲಿ ನಾನೂರು ಪುಟದ ಕಾದಂಬರಿಯನ್ನು ಸಾಲಿಗೆ ಬೆರಳಿಟ್ಟು ಓದತೊಡಗಿದ್ದಳು. ಹರೆಯದ ಮಕ್ಕಳು ಓದುವ ಮಾಯಾಲೋಕದ ಕಥೆ. ಹುಡುಗಿಯೊಬ್ಬಳು ಮಾತಾಡುವ ಹದ್ದಿನ ಬೆನ್ನೇರಿ ಕತ್ತಲ ರಾಜ್ಯಕ್ಕೆ ಹೋಗುತ್ತಾಳೆ.

ಮಗಳು ಅರ್ಪಿತ ತಿ. ನರಸೀಪುರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಆ ಪುಸ್ತಕವೆಂದರೆ ಅವಳಿಗೆ ಜೀವ. ಹೋದ ಕಾರ್ತೀಕದಲ್ಲಿ ಡೆಂಗಿ ಜ್ವರ ಬಂತು; ಐದೇ ದಿನ, ಮುಗಿದುಹೋಯಿತು. ಮಣ್ಣು ಮಾಡುವ ಗುಣಿಯಲ್ಲಿ ಕೂರಿಸಿ ವಿಭೂತಿ, ಪತ್ರೆ ಹಾಕುವಾಗ, ಸತ್ತವರ ಇಷ್ಟದ ವಸ್ತು ಅವರ ಜೊತೆಗಿರಬೇಕೆಂದು ಮಲ್ಲಾಜಮ್ಮನೇ ಪುಸ್ತಕವನ್ನು ಮಗಳ ಮಡಿಲಲ್ಲಿ ಇಡಿಸಿದಳು. “ದಾರೀಲಿ ಓದ್ಕಳ್ಲಿ” ಅಂದಳು. ಹೆತ್ತವಳಿಗೆ ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ?

ತಿಂಗಳ ಮೇಲೆ ಹಾಸ್ಟೆಲಿನ ಗೆಳತಿ ಭಾನುಪ್ರಿಯಾ ಬಂದಳು. ಬಂದವಳೇ ಆ ಪುಸ್ತಕ ಕೇಳಿದಳು.

“ಪುಟಪುಟಕ್ಕೂ ಪೆನ್ಸಿಲಲ್ಲಿ ಏನೇನೋ ಬರ್ದಿದ್ಲು ಆಂಟಿ. ಅವ್ಳ ಮನಸಲ್ಲಿದ್ದದ್ದೆಲ್ಲ ಅದ್ರಲ್ಲೇ ಇತ್ತು.”

ಮಗಳ ಜೊತೆಗೆ ಅವಳ ಮಾತನ್ನೂ ಮಲ್ಲಾಜಮ್ಮ ತನ್ನ ಕೈಯಾರೆ ಮಣ್ಣು ಮಾಡಿದ್ದಳು. ಗುಣಿ ತೆಗೆಸೋಣವೇ ಅಂತ ಒಂದು ಗಳಿಗೆ ಗಂಡ ಕಲ್ಲಯ್ಯನ ಮುಖ ನೋಡಿದಳು. ಅವನು ಎದ್ದು ಹೊರಗೆ ಹೋದ. ಹಾಗೆಲ್ಲ ಮಾಡುವುದುಂಟೇ!

ಭಾನುಪ್ರಿಯಾ ತನ್ನ ಪ್ರತಿಯನ್ನೇ ತಂದುಕೊಟ್ಟಳು. ಅದರಲ್ಲಿ ಪೆನ್ಸಿಲಿನ ಒಂದು ಗೀಟೂ ಇಲ್ಲ. ಆದರೂ ಮಗಳು ಇದರಲ್ಲಿ ಏನು ಕಂಡಳೆಂದು ತಿಳಿಯಲೇಬೇಕೆಂಬ ಹಟ ಮಲ್ಲಾಜಮ್ಮನಿಗೆ. ಒಂದೊಂದು ದಿನ ಪುಸ್ತಕ ಎದೆಗೇ ಇಳಿಯುತ್ತಿತ್ತು. ಹಸಿದ ಹದ್ದಿಗೆ ಹುಡುಗಿ ತನ್ನ ಬುತ್ತಿ ಕೊಡುವಲ್ಲಿ ಅತ್ತೇಬಿಟ್ಟಳು. ಇನ್ನೊಂದು ದಿನ ಮೈಯೆಲ್ಲ ಉರಿ. ಕಥೆಯಲ್ಲಿ ಸತ್ತವರ ಮೇಲೆ ಮಂತ್ರದ ನೀರು ಚಿಮುಕಿಸಿದರೆ ಎದ್ದು ಕೂರುತ್ತಾರಂತೆ! “ಬರ್ದೋರ್ ಮನೇಲಿ ಯಾರೂ ಸತ್ತಿಲ್ವೇನೋ” ಎಂದು ಬೈದು ಪುಸ್ತಕ ಮುಚ್ಚಿದವಳು, ಮಾರನೆಯ ದಿನ ಅದೇ ಪುಟ ತೆಗೆದಳು.

ಓದಿ ಮುಗಿಸಿದ ವಾರ ಭಾನುಪ್ರಿಯಾ ಮತ್ತೆ ಬಂದಳು. ಹುಡುಗಿ ತಾಯಿಗೆ ಹೇಳದೆ ಮನೆ ಬಿಟ್ಟು ಹೋಗುವ ಪುಟವನ್ನು ಮಲ್ಲಾಜಮ್ಮ ಅವಳ ಮುಂದೆ ಹಿಡಿದಳು.

“ಇದೊಂದ್ನ ನನ್ ಕೈಲಿ ತಡ್ಕಳಕ್ಕಾಗ್ನಿಲ್ಲ ಕಣವ್ವ. ಇಲ್ಲೇನ್ ಬರ್ದಿದ್ಲು ನನ್ ಮಗ್ಳು?”

ಅದುವರೆಗೆ ಬೇರೆ ಪುಟಗಳನ್ನು ಕೇಳಿದ್ದಕ್ಕೆಲ್ಲ ಮರೆತೆ ಅಂದಿದ್ದ ಭಾನುಪ್ರಿಯಾ ಇದಕ್ಕೆ ತಲೆ ತಗ್ಗಿಸಿದಳು. ಹಾಗೆಯೇ ಹೇಳಿದಳು: “‘ನಮ್ಮವ್ವ ಆಗಿದ್ರೆ ಬಿಟ್ಬಿಡೋಳಾ? ಹಿಂದೇನೆ ಬಂದ್ಬಿಡೋಳು’ ಅಂತ ಬರ್ದಿದ್ಲು ಆಂಟಿ. ನಂಗೆ ತೋರ್ಸಿ ನಕ್ಕಿದ್ಲು.”

ಮಲ್ಲಾಜಮ್ಮ ಪುಟದ ಬಿಳಿ ಅಂಚನ್ನು ಸವರಿದಳು. ಭಾನುಪ್ರಿಯಾ ಪೆನ್ಸಿಲ್ ತೆಗೆದು, “ಬರ್ದು ಕೊಡ್ಲಾ?” ಎಂದಳು.

“ಬ್ಯಾಡ ಕಣವ್ವ. ಅದು ನಿನ್ ಅಕ್ಸರ ಆಯ್ತದೆ.”

ಆಮೇಲೆ ಬಾಗಿಲ ಕಡೆ ನೋಡುತ್ತ ಅಂದಳು: “ಅವ್ಳು ಹೋಗಿ ಆರ್ ತಿಂಗ್ಳಾಯ್ತು. ನಾನಿನ್ನೂ ಇಲ್ಲೇ ಕುಂತಿವ್ನಿ.”