ಮೊದಲ ಎಲೆಗೆ ಬೀಳದ ತುಂಡು

ಅಕ್ಕನ ತಲೆಗೆ ಬಂದ ತಪ್ಪು ನನ್ನದೆಂದು ಹೇಳಬೇಕಿತ್ತು. ಹನ್ನೊಂದು ವರ್ಷ ಹೇಳಲಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಇದನ್ನು ಹೇಳಲು ಓದು ಬೇಕಿರಲಿಲ್ಲ.

ತೊಕ್ಕೊಟ್ಟಿನ ನಮ್ಮ ಕುಟುಂಬದ ಮನೆಯಲ್ಲಿ ಆಟಿ ತಿಂಗಳ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆ ಅಗೆಲಿನ ಎಡೆ ಬಡಿಸುತ್ತೇವೆ. ದೋಸೆ, ಕೋಳಿ ಗಸಿ. ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲೆಳೆದು, ಅವರು ಉಣ್ಣುವಷ್ಟು ಹೊತ್ತು ಹೊರಗೆ ನಿಲ್ಲಬೇಕು. ಅಡುಗೆ ಮಾಡಿದವರು ಉಪ್ಪು ಕೂಡ ನೋಡಬಾರದು.

ಮೊದಲ ಎಲೆ ನೇತ್ರಾವತಿ ದಾಟಿ ಇಲ್ಲಿಗೆ ಬಂದ ಹಿರಿಯನದು. ಅಮ್ಮನ ಅಣ್ಣ, ನಮ್ಮ ಮಾವ, ಪ್ರತಿವರ್ಷ ಆ ಕಥೆ ಹೇಳುತ್ತಾರೆ. ಆಗ ಹೊಳೆಯ ಈ ಬದಿ ಬರೀ ಕಾಡು, ಅದರಾಚೆ ಯಾರ ಸೀಮೆಯೆಂದು ಯಾರಿಗೂ ಗೊತ್ತಿಲ್ಲ. ಗುಡಿಯಿಲ್ಲ, ಭಟ್ಟರಿಲ್ಲ. ಒಂದು ಕಲ್ಲು ನಿಲ್ಲಿಸಿ, ತಾವು ಬೇಯಿಸಿದ್ದನ್ನೇ ಅದರೆದುರು ಇಟ್ಟು ಆಮೇಲೆ ಉಂಡರು. ಒಮ್ಮೆ ಹಸಿವು ತಾಳದೆ ಒಬ್ಬಳು ಮೊದಲೇ ಉಂಡಳು. ಇಲ್ಲಿ ಮಾವನ ದನಿ ತಗ್ಗುತ್ತದೆ. ಆ ಮಳೆಗಾಲ ಅವಳ ತೊಟ್ಟಿಲು ಖಾಲಿಯಾಯಿತು.

ನಾನು ತಪ್ಪು ಮಾಡಿದ ವರ್ಷ ಅಡುಗೆ ಅಕ್ಕನದು. ಅವಳಿಗೆ ಮುಟ್ಟು ನಿಂತು ಎರಡು ತಿಂಗಳಾದದ್ದು ನನಗೊಬ್ಬಳಿಗೇ ಗೊತ್ತಿತ್ತು. ನಾನು ಕೊಡಿಯಾಲ್‌ಬೈಲಿನ ಹೋಟೆಲಿನಲ್ಲಿ ಪಾತ್ರೆ ತೊಳೆದು, ಏನೂ ತಿನ್ನದೆ ಬಸ್ಸು ಹತ್ತಿ ಬಂದಿದ್ದೆ. ಅಕ್ಕ ಸ್ನಾನಕ್ಕೆ ಹೋದಾಗ ಮುಚ್ಚಳ ಸರಿಸಿದೆ. ಮೊದಲ ಎಲೆಗೆ ಬಡಿಸಬೇಕಾದ ಲಿವರ್ ಮೇಲೆಯೇ ಇತ್ತು. ತಿಂದೆ.

ಬಡಿಸುವಾಗ ಮಾವ ಸೌಟಿನಲ್ಲಿ ಗಸಿಯನ್ನು ತಳದವರೆಗೆ ತಿರುವಿದರು.

“ಲಿವರ್ ಎಲ್ಲಿ ಉಂಟು?”

“ಹಾಕಿದ್ದೆ ಮಾವ,” ಎಂದಳು ಅಕ್ಕ.

“ಹಾಕಿದ್ರೆ ಎಂತ, ಕೋಳಿ ವಾಪಸ್ ತಕ್ಕೊಂಡು ಹೋಯ್ತಾ?” ದೊಡ್ಡಮ್ಮ ಕೇಳಿದರು. “ರುಚಿ ನೋಡಿದ್ದೀಯಲ್ಲ ಮಾರಾಯ್ತಿ.”

ಅಕ್ಕ ನನ್ನತ್ತ ನೋಡಿದಳು. ನನ್ನ ಮೇಲೆ ಅನುಮಾನದಿಂದಲ್ಲ, ನಾನಾದರೂ ಅವಳ ಪರವಾಗಿ ಮಾತಾಡಿಯೇನೆಂದು. ನಾನು ಎಲೆ ಒರೆಸುತ್ತ ಕೂತೆ.

ಹಾಗೆಯೇ ಬಡಿಸಿ ಬಾಗಿಲೆಳೆದರು. ಮತ್ತೆ ತೆರೆದಾಗ ಮೊದಲ ಎಲೆಯ ಗಸಿ ಕೆನೆಗಟ್ಟಿತ್ತು. ಮಾವ ಬಹಳ ಹೊತ್ತು ಬಗ್ಗಿ ನೋಡಿದರು.

“ಮುಟ್ಟಲಿಲ್ಲ,” ಎಂದರು.

ಮುಂದಿನ ತಿಂಗಳು ಅಕ್ಕನ ಬಸಿರು ಇಳಿದುಹೋಯಿತು. ಹೀಗೆ ಹಲವರಿಗೆ ಆಗುತ್ತದೆ ಎಂದರು ಡಾಕ್ಟರು. ಮನೆಯವರು ಮಾತ್ರ ಮರುವರ್ಷದಿಂದ ಆಟಿಗೆ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ.

ಕಳೆದ ಆಟಿಗೆ ಹೊರಜಗಲಿಯಲ್ಲಿ ನಾವಿಬ್ಬರೇ ಈರುಳ್ಳಿ ಸುಲಿಯುತ್ತಿದ್ದೆವು. ಅಕ್ಕ ಮೆಲ್ಲಗೆ ಹೇಳಿದಳು: “ಆವತ್ತು ನಾನು ಉಪ್ಪು ನೋಡಿದ್ದೆ ಅಂತ ಕಾಣ್ತದೆ. ಈಗೀಗ ನೆನಪಾಗ್ತದೆ. ಆ ರುಚಿ ಇನ್ನೂ ನಾಲಗೆಯಲ್ಲಿ ಉಂಟು.”

ಅವಳು ನಂಬಿಬಿಟ್ಟಿದ್ದಳು. ಎದ್ದು ಒಳಗೆ ಹೋಗಿ ಮಾವನನ್ನೂ ದೊಡ್ಡಮ್ಮನನ್ನೂ ಜಗಲಿಗೆ ಕರೆದುಕೊಂಡು ಬಂದೆ. ಅವರೆದುರೇ ಅಕ್ಕನ ಮುಖ ನೋಡಿ ಹೇಳಿದೆ:

“ನೀನು ಎಂತದೂ ಮುಟ್ಟಲಿಲ್ಲ ಅಕ್ಕ. ತಿಂದದ್ದು ನಾನು. ನಿನ್ನನ್ನು ಬೈಯುವಾಗ ಸುಮ್ಮನೆ ಕೂತದ್ದೂ ನಾನೇ. ನನ್ನಿಂದ ತಪ್ಪಾಯ್ತು.”