ರೇಡಿಯೇಟರಿಗೆ ಸೋಸಿದ ನೀರು

ತವನಪ್ಪಕಾಕಾ ಕಾರಿನ ರೇಡಿಯೇಟರಿಗೂ ನೀರನ್ನು ಸೋಸಿಯೇ ಹಾಕುತ್ತಿದ್ದರು. ಎರಡು ಮಡಿಕೆಯ ಬಿಳಿ ಬಟ್ಟೆಯನ್ನು ಲಾಳಿಕೆಯ ಬಾಯಿಗೆ ಹಾಸಿ, ಮನೆಯವರ ಬಾಯಾರಿಕೆಗೆ ತುಂಬಿಡುವಷ್ಟೇ ಜೋಪಾನವಾಗಿ ಸುರಿಯುವರು. ಬಟ್ಟೆಗೆ ಯಾವುದಾದರೂ ಹುಳ ಸಿಕ್ಕಿದ್ದರೆ ಬದುಕಿಕೊಳ್ಳಲಿ ಎಂದು ಅದನ್ನು ಗ್ಯಾರೇಜಿನ ಹಿಂದಿನ ತೊಟ್ಟಿಯಲ್ಲಿ ಜಾಲಿಸುವರು. ಬೋರಿನ ನೀರು ಇಂಜಿನ್ನಿನೊಳಗೆ ಪಾಚಿ ಕಟ್ಟಿದಂತೆ ಸುಣ್ಣ ಕಟ್ಟುತ್ತದೆಂದು ಅವರು ನೀರು ತರುತ್ತಿದ್ದದ್ದೇ ಶುದ್ಧ ನೀರಿನ ಘಟಕದಿಂದ. ಅದನ್ನೂ ಮತ್ತೆ ಸೋಸಬೇಕು.

ಅಪ್ಪನಿಗೆ ಇದು ದೊಡ್ಡ ತಮಾಷೆ. "ಮಷೀನ್ ಸೋಸಿದ್ದನ್ನ ಮತ್ತ ಯಾಕ ಸೋಸ್ತಿಯೋ ತವನಪ್ಪಾ? ಕಾರೇನ್ ಬಸದಿಗೆ ಹೊಂಟೈತೇನು?" ಎಂದು ಕೆಣಕುವರು.

"ಮಷೀನಿಗೆ ಕಸಾ ಕಾಣತೈತ್ರಿ ಅಣ್ಣಾರ, ಜೀವಾ ಕಾಣೂದಿಲ್ಲ" ಎಂದು ಕಾಕಾ ಸುರಿಯುವುದನ್ನು ಮುಂದುವರಿಸುವರು.

ಅವರ ಗ್ಯಾರೇಜು ರಾಯಬಾಗದಲ್ಲಿ, ಚಿಕ್ಕೋಡಿ ರಸ್ತೆಯ ಮಗ್ಗುಲಿಗಿತ್ತು. ನಾವು ದಿಗ್ಗೇವಾಡಿಯವರು, ಅಪ್ಪ ಮತ್ತು ಅವರು ಒಂದೇ ಶಾಲೆಯಲ್ಲಿ ಓದಿದವರು. ಕಾಕಾ ಮಾತಿನಲ್ಲಿ ಭಾರಿ ಜೋರು. ಯಾವ ಇಂಜಿನ್ ತೆರೆದರೂ ಮೊದಲ ಮಾತು, "ಇದನ್ನ ಹಿಂದಕ ಬಿಚ್ಚಿದಾಂವ ಯಾಂವ? ಮೆಕ್ಯಾನಿಕ್ಕೋ ಬಡಿಗ್ಯಾನೋ?" ಹಿಂದೆ ಬಿಚ್ಚಿದ್ದು ನೀವೇ ಎಂದು ಒಮ್ಮೆ ನಾನು ನೆನಪಿಸಿದೆ. "ಅವತ್ತ ನನಗ ಜ್ವರಾ ಬಂದಿತ್ತು" ಎಂದರು, ಕಣ್ಣು ಪಿಳುಕಿಸದೆ.

ಇನ್ನೊಂದು, ಊಟ. ಹೊತ್ತು ಮುಳುಗಿದ ಮೇಲೆ ಅವರು ಅನ್ನ ಮುಟ್ಟುತ್ತಿರಲಿಲ್ಲ, ನೀರನ್ನೂ ಕುಡಿಯುತ್ತಿರಲಿಲ್ಲ. ಅದು ಅವರ ಮನೆತನದ ಜೈನ ನೇಮ. ಬಿಸಿಲು ಹಳದಿಗೆ ತಿರುಗಿತೆಂದರೆ ಅರ್ಧ ಬಿಚ್ಚಿದ ಇಂಜಿನ್ನನ್ನು ಹಾಗೆಯೇ ಬಿಟ್ಟು ಮನೆಯ ದಾರಿ ಹಿಡಿಯುವರು. ಕಬ್ಬಿನ ಹಂಗಾಮಿನಲ್ಲಿ ಒಬ್ಬ ಟ್ರ್ಯಾಕ್ಟರಿನವನು, ಫ್ಯಾಕ್ಟರಿಯಲ್ಲಿ ತನ್ನ ಪಾಳಿ ತಪ್ಪುತ್ತದೆಂದು ಕೈ ಅಡ್ಡ ಹಿಡಿದು ನಿಂತಿದ್ದ. "ಹೊತ್ತ ಮುಳುಗಿದ್ರ ನನ್ನ ಅನ್ನ ಹೋಗತೈತಿ. ನಿನ್ನ ಟ್ರ್ಯಾಕ್ಟರ್ ಎಲ್ಲೀನೂ ಹೋಗೂದಿಲ್ಲ, ಅದರ ಗಾಲಿ ಬಿಚ್ಚೇನಿ" ಎಂದು ಅವನ ಕೈಯ ಕೆಳಗೇ ನುಸುಳಿ ನಡೆದರು.

ಅಪ್ಪನ ಮೂತ್ರಪಿಂಡ ಕೈಕೊಟ್ಟ ಮೇಲೆ ಅವರ ಜೀವ ನಮ್ಮ ಹಳೆಯ ಕಾರಿಗೆ ಅಂಟಿಕೊಂಡಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಮಿರಜಿಗೆ ಹೋಗಬೇಕು, ಓಡಿಸುವವಳು ನಾನು. ಆ ಬೇಸಿಗೆಯಲ್ಲಿ ಕಾರು ನಿಂತಲ್ಲೇ ನಡುಗತೊಡಗಿತು, ಒಳಗೆಲ್ಲೋ ಸಿಳ್ಳೆ, ಪ್ರತಿ ಸಲ ನೀರು ಕಡಿಮೆ. ಒಂದು ದಿನ ಕಾಗವಾಡದ ಹತ್ತಿರ ಬಾನೆಟ್ಟಿನಿಂದ ಬುಸುಬುಸು ಹಬೆ ಎದ್ದಿತು. ಇಂಜಿನ್ ತಣಿಯುವವರೆಗೆ ಅಪ್ಪ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೂತರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರಿಗೆ ಉಸಿರಾಡುವುದೇ ಕಷ್ಟವಾಗಿತ್ತು. ಅಂದು ನಾನು ಬಹಳ ಹೆದರಿದೆ.

ಮರುದಿನ ಗ್ಯಾರೇಜಿನಲ್ಲಿ ಕಾಕಾ ಇಂಜಿನ್ ಚಾಲೂ ಮಾಡಿಸಿ, ಪೆಟ್ರೋಲಿನ ಪೈಪನ್ನೆಲ್ಲ ಮೂಸಿ ನೋಡಿ, ಒಂದು ಊದಿನಕಡ್ಡಿ ಹಚ್ಚಿದರು. ಅವ್ವ ತಕ್ಷಣ ಚಪ್ಪಲಿ ಬಿಟ್ಟು ಕೈಮುಗಿದಳು. ಚೀಲದಿಂದ ಕುಂಕುಮ ತೆಗೆದು ಬಾನೆಟ್ಟಿಗೂ ಹಚ್ಚಿದಳು.

"ಇರ್ಲಿ ವೈನಿ, ಹಚ್ಚರಿ. ಆದ್ರ ಜೋರಾಗಿ ಉಸರ ಬಿಡಬ್ಯಾಡ್ರಿ, ಹೊಗಿ ಅಲ್ಲಾಡತೈತಿ" ಎಂದರು ಕಾಕಾ.

ಅವ್ವ ಉಸಿರು ಬಿಗಿಹಿಡಿದು ನಿಂತಳು. ಕಡ್ಡಿ ನಿಧಾನವಾಗಿ ಸರಿಯಿತು. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದು ಕಡೆ ಮಾತ್ರ ಬಾಗಿ, ಸರ್ರನೆ ಒಳಕ್ಕೆ ಹೋಯಿತು.

"ಇಲ್ಲಿ ನೋಡ್ರಿ. ಇಂಜಿನ್ನಿಗೆ ಗಾಳಿ ಒಯ್ಯೂ ಮ್ಯಾನಿಫೋಲ್ಡ್ ಸೀಳೇತಿ. ಇದರ ಬಾಜೂಕನ ನೀರಿನ ದಾರಿ. ಗಾಳಿ ಒಳಗ ಹೊಂಟೈತಿ, ನೀರ ಹೊರಗ ಹೊಂಟೈತಿ."

"ಏನರ ಮೆತ್ತಿ ಮುಚ್ಚೋ ಮಾರಾಯಾ. ನಾಳೆ ಮಿರಜಿಗೆ ಹೋಗಬೇಕು" ಎಂದರು ಅಪ್ಪ.

"ಮೆತ್ತಿದ್ದು ನಡುದಾರ್ಯಾಗ ಬಿಟ್ಟರ? ಹೊಸಾದು ಕೊಲ್ಹಾಪುರದಿಂದ ಬರಬೇಕ್ರಿ. ಕಾರ್ ಬಿಚ್ಚಾಂವ ನಾನು, ನಾಳೆ ನಿಮ್ಮನ್ನ ಒಯ್ಯಾಂವನೂ ನಾನ."

ಮರುದಿನ ನನಗೆ ನಾನು ಕಲಿಸುವ ಶಾಲೆಯಲ್ಲಿ ಪರೀಕ್ಷೆಯ ಕೆಲಸ. ಕಾಕಾ ತಮ್ಮ ಜೀಪಿನಲ್ಲಿ ಅಪ್ಪನನ್ನು ಕರೆದೊಯ್ದರು. ಅವರು ಮರಳಿದಾಗ ಕತ್ತಲಾಗಿತ್ತು. ಅವ್ವ ತಂಬಿಗೆ ಹಿಡಿದು ಬಾಗಿಲಿಗೆ ಹೋದರೆ, "ನಾಳೆ ಹೊತ್ತ ಹುಟ್ಟಿದ ಮ್ಯಾಲ ಕುಡೀತೇನ್ರಿ ವೈನಿ" ಎಂದು ಜೀಪು ತಿರುಗಿಸಿಕೊಂಡು ಹೋದರು.

ಅಪ್ಪ ಹಾಸಿಗೆಯ ಮೇಲೆ ಒರಗಿ ಹೇಳಿದರು: "ಮಷೀನಿಗೆ ಹಚ್ಚಿದ ಮ್ಯಾಲ ನನ್ನ ಬಿ.ಪಿ. ಇಳೀತು. ಹೆದರಿ ಅವನ ಕೈ ಗಟ್ಟಿ ಹಿಡಕೊಂಡೆ. ಕಿಡಕ್ಯಾಗ ಹೊತ್ತ ಇಳಿಯೂದು ಕಾಣಾಕತ್ತಿತ್ತು. ಮುಂಜಾನಿಂದ ಅಂವ ಏನೂ ಉಂಡಿರಲಿಲ್ಲ. ಹೋಗೋ, ಉಂಡ ಬಾ ಅಂದೆ. ಕೈ ಬಿಡಿಸ್ಕೊಳ್ಳಲಿಲ್ಲವ್ವಾ ಅಂವ."

ಹೊಸ ಮ್ಯಾನಿಫೋಲ್ಡ್ ಬಂತು. ಕಾಕಾ ಪೈಪುಗಳನ್ನು ಬದಲಿಸಿ, ಒಳಗಿನ ತುಕ್ಕು ನೀರನ್ನೆಲ್ಲ ತೊಳೆದು ತೆಗೆದು, ಕೂಲಂಟ್ ಬೆರೆಸಿದ ನೀರನ್ನು ಸೋಸಿ ತುಂಬಿದರು. ಅಪ್ಪ ಈ ಸಲ ಬಸದಿಯ ಮಾತು ತೆಗೆಯಲಿಲ್ಲ. ಕಾರು ಸಿಳ್ಳೆ ನಿಲ್ಲಿಸಿತು. ಇಂದಿಗೂ ಮಿರಜಿಗೆ ಹೋಗಿಬರುತ್ತಿದೆ.

ಕಳೆದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆಯುತ್ತಿರುವಾಗಲೇ ಎದೆನೋವು ಬಂದು, ಯಾರಿಗೂ ಕೈ ಹಿಡಿಯುವಷ್ಟು ಸಮಯ ಕೊಡಲಿಲ್ಲ. ಅಪ್ಪನಿಗಿಂತ ಮೊದಲು ಅವರು ಹೋಗುತ್ತಾರೆಂದು ನಾವು ಯಾರೂ ಎಣಿಸಿರಲಿಲ್ಲ.

ಮೊನ್ನೆ ಮಿರಜಿಗೆ ಹೊರಡುವ ಮುಂಚೆ ಬಾನೆಟ್ ಎತ್ತಿದೆ. ಕೂಲಂಟ್ ತುಸು ಇಳಿದಿತ್ತು. ಅಂಗಡಿಯಿಂದ ತಂದ ಹೊಸ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿದ್ದ ಅಪ್ಪ ಬಾಗಿಲು ತೆರೆದು, ಹೆಗಲ ಮೇಲಿನ ಬಿಳಿ ವಸ್ತ್ರವನ್ನು ಎರಡು ಮಡಿಕೆ ಮಾಡಿ ನನ್ನತ್ತ ಚಾಚಿದರು.

"ಇದು ಸೀಲ್ ಮಾಡಿದ ಡಬ್ಬಿ ಅಪ್ಪಾ, ಸೋಸೂದ ಬ್ಯಾಡ" ಎಂದೆ.

"ಗೊತ್ತೈತಿ. ಸೋಸು."

ಲಾಳಿಕೆಯ ಮೇಲೆ ವಸ್ತ್ರ ಹಾಸಿ ಸುರಿದೆ. ಹಸಿರು ನೀರು ಬಟ್ಟೆಯಿಂದ ಹನಿಹನಿಯಾಗಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಆಸ್ಪತ್ರೆಗೆ ತಡವಾಗುತ್ತದೆಂದು ಯಾವಾಗಲೂ ಗಡಿಬಿಡಿ ಮಾಡುವ ಅಪ್ಪ ಅಂದು ಕೊನೆಯ ಹನಿ ಇಳಿಯುವವರೆಗೂ ಕಾದರು.