ಹೇಳುತ್ತಲೇ ಬರೆಯುವ ಸರ್

ನಮ್ಮ ಕಾಲೇಜಿನ ಶೀತಲ್ ಸರ್ ಕೈಯಿಂದ ಮಾಡುವುದನ್ನೆಲ್ಲ ಬಾಯಿಂದಲೂ ಹೇಳುತ್ತಾರೆ. ಬೋರ್ಡಿನ ಮೇಲೆ ಗೆರೆ ಎಳೆದರೆ, “ಎಡಕಿನಿಂದ ಮ್ಯಾಲಕ್ಕ ಏರಾಕತ್ತೈತಿ, ಈಗ ಸ್ವಲ್ಪ ಬಾಗೇತಿ,” ಎನ್ನುತ್ತಾರೆ; ಅಳಿಸಿದರೆ “ಅಳಿಸಿದ್ನಿ” ಎನ್ನುತ್ತಾರೆ. ಅಲ್ಲಿಗೇ ನಿಂತರೆ ಸರಿ, ಕ್ಯಾಂಟೀನಿನ ಮುದುಕಿ ನಾನು ಚಹಾ ಒಯ್ದು ಕೊಟ್ಟಾಗಲೂ, “ಆಯಿ, ಕಪ್ ಎತ್ತಿದ್ನಿ, ಕೆಳಗಿನ ಬಸಿ ಟೇಬಲ್ ಮ್ಯಾಲ ಐತಿ,” ಎಂದು ವರದಿ ಒಪ್ಪಿಸುತ್ತಾರೆ. ನನ್ನ ಕಣ್ಣು ಇನ್ನೂ ನೆಟ್ಟಗಿದೆಯಲ್ಲ, ಇದೇನಿದು ಎಂದು ಬಹಳ ದಿನ ತಿಳಿಯದೇ ಒದ್ದಾಡಿದೆ. ಹುಡುಗರಂತೂ, “ಸರ್ ತಲಿ ಕೆಟ್ಟೈತ್ಲೇ,” ಎಂದು ಕಿಸಿಕಿಸಿ ನಗುತ್ತಾರೆ. ಮೊದಲ ಬೆಂಚಿನ ಕೋಮಲಳಿಗೆ ಕಣ್ಣು ಕಾಣುವುದಿಲ್ಲ, ಇದೆಲ್ಲ ಅವಳಿಗಾಗಿ ಎಂದು ಗೊತ್ತಾದ ಮೇಲೆ ಸಮಾಧಾನವಾಯಿತು. ಆದರೆ ಮೊನ್ನೆ ಜ್ವರವೆಂದು ಕೋಮಲ ಬಂದಿರಲೇ ಇಲ್ಲ; ಸರ್ ಮಾತ್ರ ಒಂದೊಂದು ಗೆರೆಯನ್ನೂ ಹೇಳುತ್ತಲೇ ಇದ್ದರು. ಮತ್ತೆ ನನಗೆ ತಲೆಬುಡ ತಿಳಿಯಲಿಲ್ಲ. ಚಹಾ ಕೊಡುವಾಗ, “ಆ ಹುಡುಗಿನ ಇಲ್ಲಲ್ರಿ ಸರ್, ಯಾರಿಗಿ ಹೇಳಾಕತ್ತಿದ್ರಿ?” ಎಂದು ಕೇಳಿಯೇಬಿಟ್ಟೆ. ಅವರು ಕಪ್ ಎತ್ತಿದರು, ಎತ್ತಿದೆ ಎಂದು ಹೇಳಲಿಲ್ಲ. “ಹ್ವಾದ ವರ್ಷ ನಾ ಸುಮ್ನ ಬರೀತಿದ್ನಿ, ಆಯಿ. ಒಂದ್ ತಿಂಗಳ ಬರೇ ಚಾಕ್‌ಪೀಸಿನ ಸಪ್ಪಳ ಕೇಳಿ, ಅಕಿ ಕಾಲೇಜ ಬಿಟ್ಟು ತಮ್ಮೂರು ಐನಾಪುರಕ್ಕ ಹೋಗಿಬಿಟ್ಲು. ಮನೀತನಕ ಹೋಗಿ ಕರಕೊಂಡ ಬಂದೀನಿ. ಒಂದಿನ ರೂಢಿ ತಪ್ಪಿ, ಅಕಿ ಬಂದಾಗ ಮರತ್ರ?” ಎಂದರು. ಖಾಲಿ ಕಪ್ ಕೆಳಗಿಟ್ಟು, “ಇಟ್ಟೀನಿ, ಆಯಿ,” ಎಂದರು.